ಹಿತ್ತಲಿನಿಂದ ದುರ್ಬೀನಿನಲ್ಲಿ ಆಕಾಶ: ನಕ್ಷತ್ರಗಳು ಕುಣಿಯುವುದೇಕೆ?

ಪ್ರಶ್ನೆ: ನನ್ನಲ್ಲಿ 10×50 ಎಂದು ಬರೆದಿರುವ ದುರ್ಬೀನು ಇದೆ. ರಾತ್ರಿ ಹಿತ್ತಲಲ್ಲಿ ನಿಂತು ನೋಡಿದರೆ ನಕ್ಷತ್ರಗಳು ಮಿಂಚುಹುಳಗಳಂತೆ ಹಾರಾಡುತ್ತವೆ. ಗುರುಗ್ರಹಕ್ಕೆ ಬಾಲ ಬಂದಂತೆ ಕಾಣುತ್ತದೆ, ಉಪಗ್ರಹಗಳ ಸುಳಿವೇ ಇಲ್ಲ. ಬೀದಿದೀಪದ ಬೆಳಕು ಬೇರೆ. ನಾನು ಕನ್ನಡಕ ಹಾಕುತ್ತೇನೆ. ದುರ್ಬೀನು ಕೆಟ್ಟಿದೆಯೇ? ಇನ್ನೂ ಹೆಚ್ಚು ಶಕ್ತಿಯದು ಬೇಕೇ? ಅಥವಾ ಟೆಲಿಸ್ಕೋಪನ್ನೇ ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಹೇಳಿದ ತೊಂದರೆಯಲ್ಲಿ ಮುಕ್ಕಾಲು ಪಾಲು ಕೈನಡುಕದ್ದು, ಉಳಿದದ್ದು ಬಹುಶಃ ಫೋಕಸ್ಸಿನದು. ಎರಡನ್ನೂ ಇರುವ ದುರ್ಬೀನಿನಲ್ಲೇ ಸರಿಪಡಿಸಬಹುದು. ಹೆಚ್ಚು ಶಕ್ತಿಯದನ್ನು ತಂದರೆ ತೊಂದರೆಯೂ ಹೆಚ್ಚುತ್ತದೆ, ಏಕೆಂದರೆ 10×50ರ ಮೊದಲ ಅಂಕಿ ವಸ್ತುವನ್ನು ಮಾತ್ರವಲ್ಲ, ನಿಮ್ಮ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. 20 ಪಟ್ಟಿನ ದುರ್ಬೀನನ್ನು ಕೈಯಲ್ಲಿ ಹಿಡಿದರೆ ಕುಣಿತ ಈಗಿನ ಎರಡರಷ್ಟು. ಯಾವ ಆಸರೆಯೂ ಇಲ್ಲದೆ ಕೈಯಲ್ಲಿ ಹಿಡಿದು ನೋಡಲು 10 ಪಟ್ಟೇ ಮೇಲಿನ ಮಿತಿ. ಕೆಲವರಿಗೆ 7 ಅಥವಾ 8 ಪಟ್ಟು ಇನ್ನೂ ಹಿತ.

ಎರಡನೆಯ ಅಂಕಿ, 50, ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಕತ್ತಲಲ್ಲಿ ಪೂರ್ತಿ ಹಿಗ್ಗಿದ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಇರುತ್ತದೆ. ಅದಕ್ಕೆ ಹೋಲಿಸಿದರೆ 50 ಮಿ.ಮೀ. ಮಸೂರ ಹಿಡಿಯುವ ಬೆಳಕು ಸುಮಾರು 50 ಪಟ್ಟು. ಖಗೋಳದ ಲೆಕ್ಕದಲ್ಲಿ ಇದು ಕಾಂತಿಮಾನದ (ನಕ್ಷತ್ರದ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಸುಕು) ನಾಲ್ಕು ಮೆಟ್ಟಿಲು: ಬರಿಗಣ್ಣಿಗೆ 4ನೇ ಕಾಂತಿಮಾನದವರೆಗೆ ಕಾಣುವ ಹಿತ್ತಲಿನಿಂದ ದುರ್ಬೀನಿನಲ್ಲಿ ಸುಮಾರು 8ನೆಯದರವರೆಗೆ ಕಾಣಬೇಕು. ಆದರೆ ಒಂದು ಷರತ್ತಿದೆ. ಮಸುಕು ನಕ್ಷತ್ರದ ಬೆಳಕು ಕಣ್ಣಿನ ಅಕ್ಷಿಪಟಲದಲ್ಲಿ ಒಂದೇ ಜಾಗದಲ್ಲಿ ನಿಲ್ಲಬೇಕು. ಅದು ಅತ್ತಿತ್ತ ಓಡಾಡಿದರೆ ಗೆರೆಯಾಗಿ ಹರಡಿ ಹಿನ್ನೆಲೆಯ ಬೆಳಕಿನಲ್ಲಿ ಕರಗಿಹೋಗುತ್ತದೆ. ಗುರುವಿನ ಉಪಗ್ರಹಗಳು ನಿಮಗೆ ಕಾಣದಿರುವುದಕ್ಕೆ ಇದೇ ಕಾರಣ. ಬೆಳಕು ಸಾಕಷ್ಟಿದೆ, ನಿಲುಗಡೆ ಇಲ್ಲ.

ಮೊದಲು ನಡುಕ ನಿಲ್ಲಿಸಿ

ಹಿಡಿಯುವ ರೀತಿಯಿಂದಲೇ ಶುರುಮಾಡಿ. ಬಹುತೇಕರು ದುರ್ಬೀನನ್ನು ಕಣ್ಣಿನ ಬಳಿ, ಫೋಕಸ್ ಚಕ್ರದ ಸುತ್ತ ಹಿಡಿಯುತ್ತಾರೆ. ಆಗ ಭಾರವೆಲ್ಲ ಮುಂದೆ ಜೋತುಬಿದ್ದು ಮಣಿಕಟ್ಟು ಬೇಗ ಸೋಲುತ್ತದೆ. ಫೋಕಸ್ ಆದ ಮೇಲೆ ಕೈಗಳನ್ನು ಮುಂದಿನ ಮಸೂರಗಳ ಕಡೆಗೆ ಸರಿಸಿ, ನಳಿಗೆಗಳ ತುದಿಯನ್ನು ಹಿಡಿಯಿರಿ. ಐಪೀಸಿನ (ಕಣ್ಣಿಡುವ ಕಡೆಯ ಮಸೂರದ) ರಬ್ಬರ್ ಬಟ್ಟಲು ಹುಬ್ಬಿನ ಮೂಳೆಗೆ ಹಗುರವಾಗಿ ಒರಗಿರಲಿ. ಎರಡು ಕೈ ಮತ್ತು ಹುಬ್ಬು ಸೇರಿ ಮೂರು ಆಸರೆಯಾಯಿತು. ಮೊಣಕೈಗಳು ಗಾಳಿಯಲ್ಲಿ ರೆಕ್ಕೆಯಂತೆ ಚಾಚದೆ ಪಕ್ಕೆಗೆ ಅಂಟಿರಲಿ. ಉಸಿರನ್ನು ಬಿಗಿಹಿಡಿಯಬೇಡಿ, ಕಟ್ಟಿದ ಉಸಿರಿನಲ್ಲಿ ಎದೆಬಡಿತ ಇನ್ನಷ್ಟು ಕಾಣುತ್ತದೆ. ಅರ್ಧ ಉಸಿರು ಬಿಟ್ಟು, ಆ ವಿರಾಮದಲ್ಲಿ ನೋಡಿ.

ಇಷ್ಟರಿಂದ ಸ್ವಲ್ಪ ಸುಧಾರಿಸುತ್ತದೆ. ನಿಜವಾದ ವ್ಯತ್ಯಾಸ ಬರುವುದು ದೇಹಕ್ಕೆ ಆಸರೆ ಸಿಕ್ಕಾಗ. ದಿಗಂತದಿಂದ 30 ಡಿಗ್ರಿಯವರೆಗಿನ ವಸ್ತುಗಳಿಗೆ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ, ಇಲ್ಲವೇ ಮನೆಯ ಗೋಡೆಗೆ ಬೆನ್ನು ಮತ್ತು ತಲೆಯ ಹಿಂಭಾಗವನ್ನು ಒರಗಿಸಿ. ಅದಕ್ಕಿಂತ ಮೇಲಿನದಕ್ಕೆ ಒರಗುಕುರ್ಚಿಯಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಮೊಣಕೈಗಳು ಕುರ್ಚಿಯ ತೋಳಿನ ಮೇಲೆ ನಿಲ್ಲಬೇಕು. ತೋಳು ತಗ್ಗಾಗಿದ್ದರೆ ಮೊಣಕೈಯ ಕೆಳಗೆ ಮಡಿಸಿದ ಬಟ್ಟೆಯೋ ದಿಂಬೋ ಇಡಿ. ನೆತ್ತಿಯ ಮೇಲಿನ ಆಕಾಶಕ್ಕೆ ಚಾಪೆ ಹಾಸಿ ಅಂಗಾತ ಮಲಗಿ. ನಿಂತು ಕತ್ತೆತ್ತಿ ನೆತ್ತಿ ನೋಡುವುದು ಐದು ನಿಮಿಷದ ಆಟ. ಆಮೇಲೆ ನೋಯುವುದು ಕುತ್ತಿಗೆ, ಬೈಸಿಕೊಳ್ಳುವುದು ದುರ್ಬೀನು.

ಕೋಲಿನ ಉಪಾಯವೂ ಚೆನ್ನ. ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಎತ್ತರದ ಗಟ್ಟಿ ಕೋಲಿನ ತುದಿಗೆ ಬಟ್ಟೆ ಸುತ್ತಿ, ದುರ್ಬೀನಿನ ಮಧ್ಯದ ಕೀಲನ್ನು ಅದರ ಮೇಲೆ ಕೂರಿಸಿ, ಕೋಲಿನ ಬುಡವನ್ನು ಮುಂದೆ ಹಿಂದೆ ಸರಿಸುತ್ತ ಎತ್ತರ ಹೊಂದಿಸಿಕೊಳ್ಳಿ. ಮೇಲೆ ಕೆಳಗೆ ಆಗುವ ನಡುಕ ಬಹುತೇಕ ಹೋಗುತ್ತದೆ.

ಕ್ಯಾಮೆರಾದ ಟ್ರೈಪಾಡ್ ಇದ್ದರೆ ದುರ್ಬೀನಿನ ಮಧ್ಯದ ಕೀಲಿನ ಮುಂತುದಿಯಲ್ಲಿರುವ ಚಿಕ್ಕ ಮುಚ್ಚಳ ತಿರುಗಿಸಿ ನೋಡಿ. 10×50 ಅಳತೆಯ ಬಹುತೇಕ ದುರ್ಬೀನುಗಳಲ್ಲಿ ಅಲ್ಲಿ ಕಾಲು ಇಂಚಿನ ತಿರುಪಿನ ರಂಧ್ರವಿರುತ್ತದೆ. ಅದಕ್ಕೆ ಎಲ್ ಆಕಾರದ ಅಡಾಪ್ಟರ್ ಹಾಕಿ ಟ್ರೈಪಾಡಿಗೆ ಬಿಗಿಯಬಹುದು. ಇದರಲ್ಲಿ ಒಂದು ತೊಡಕು: 60 ಡಿಗ್ರಿಗಿಂತ ಮೇಲೆ ತಿರುಗಿಸಿದರೆ ನಿಮ್ಮ ತಲೆ ಹೋಗಬೇಕಾದ ಜಾಗದಲ್ಲಿ ಟ್ರೈಪಾಡಿನ ಕಾಲುಗಳೇ ಇರುತ್ತವೆ. ಹಾಗಾಗಿ ಟ್ರೈಪಾಡ್ ಅರ್ಧ ಆಕಾಶಕ್ಕೆ, ಒರಗುಕುರ್ಚಿ ಉಳಿದರ್ಧಕ್ಕೆ.

ಫೋಕಸ್, ಕನ್ನಡಕ, ಮತ್ತು ದುರ್ಬೀನಿನ ದೋಷ ಪತ್ತೆ

ದುರ್ಬೀನಿನಲ್ಲಿ ಫೋಕಸ್ ಎರಡು ಕಡೆ ಇರುತ್ತದೆ, ಇದನ್ನು ಗಮನಿಸದವರೇ ಹೆಚ್ಚು. ಮಧ್ಯದ ಚಕ್ರ ಎರಡೂ ನಳಿಗೆಗಳಿಗೆ; ಸಾಮಾನ್ಯವಾಗಿ ಬಲಗಡೆಯ ಐಪೀಸಿನ ಸುತ್ತ ಇರುವ, + ಮತ್ತು − ಗುರುತಿನ ಉಂಗುರ ಬಲಗಣ್ಣಿಗೆ ಮಾತ್ರ. ಎರಡು ಕಣ್ಣುಗಳ ದೃಷ್ಟಿಯಲ್ಲಿರುವ ವ್ಯತ್ಯಾಸ ಹೊಂದಿಸಲು ಅದು.

ಕ್ರಮ ಹೀಗೆ. ಮೊದಲು ಎರಡು ನಳಿಗೆಗಳನ್ನು ಹತ್ತಿರ ದೂರ ಮಾಡುತ್ತ, ಕಾಣುವ ಎರಡು ವೃತ್ತಗಳು ಸೇರಿ ಒಂದೇ ದುಂಡನೆಯ ಕಿಟಕಿಯಾಗುವಲ್ಲಿ ನಿಲ್ಲಿಸಿ. ಮಧ್ಯಮ ಹೊಳಪಿನ ಒಂದು ನಕ್ಷತ್ರ ಆರಿಸಿಕೊಳ್ಳಿ. ಲುಬ್ಧಕದಂಥ ಪ್ರಖರ ನಕ್ಷತ್ರ ಬೇಡ, ಅದರ ಝಳಪಿನಲ್ಲಿ ಚೂಪು ಗೊತ್ತಾಗದು. ಬಲಗಡೆಯ ಮುಂದಿನ ಮಸೂರವನ್ನು ಕೈಯಿಂದಲೋ ಮುಚ್ಚಳದಿಂದಲೋ ಮುಚ್ಚಿ. ಕಣ್ಣು ಮುಚ್ಚಬೇಡಿ, ಒಂದು ಕಣ್ಣು ಬಿಗಿದರೆ ಇನ್ನೊಂದೂ ಕಿರಿದಾಗಿ ಲೆಕ್ಕ ತಪ್ಪುತ್ತದೆ. ಎಡಗಣ್ಣಿಗೆ ನಕ್ಷತ್ರ ಅತಿ ಚಿಕ್ಕ ಚುಕ್ಕಿಯಾಗುವವರೆಗೆ ಮಧ್ಯದ ಚಕ್ರ ತಿರುಗಿಸಿ. ಈಗ ಎಡಗಡೆ ಮುಚ್ಚಿ, ಬಲಗಣ್ಣಿಗೆ ಉಂಗುರವನ್ನು ಮಾತ್ರ ತಿರುಗಿಸಿ ಅದೇ ನಕ್ಷತ್ರವನ್ನು ಚುಕ್ಕಿಯಾಗಿಸಿ. ಉಂಗುರದ ಸ್ಥಾನಕ್ಕೆ ಒಂದು ಗುರುತು ಹಾಕಿಡಿ. ಇನ್ನು ಮುಂದೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಮಧ್ಯದ ಚಕ್ರವನ್ನು ಮಾತ್ರ ಆಗಾಗ ಕೂದಲೆಳೆಯಷ್ಟು ಸರಿಪಡಿಸಿದರಾಯಿತು. ಹಗಲಲ್ಲಿ ದೂರದ ಮರಕ್ಕೆ ಮಾಡಿದ ಫೋಕಸ್ ರಾತ್ರಿಗೆ ಸಾಲದು. ಮರ ಸ್ವಲ್ಪ ಮಸುಕಾದರೂ ಕಣ್ಣು ಒಪ್ಪಿಕೊಳ್ಳುತ್ತದೆ, ನಕ್ಷತ್ರದಲ್ಲಿ ಆ ರಿಯಾಯಿತಿ ಇಲ್ಲ.

ಕನ್ನಡಕದ ವಿಷಯ. ದೂರದೃಷ್ಟಿ ಅಥವಾ ಸಮೀಪದೃಷ್ಟಿಯ ದೋಷ ಮಾತ್ರವಿದ್ದರೆ ಕನ್ನಡಕ ತೆಗೆದು ನೋಡಿ. ಫೋಕಸ್ ಚಕ್ರವೇ ಅದನ್ನು ಸರಿದೂಗಿಸುತ್ತದೆ. ತೀರಾ ದಪ್ಪ ಕನ್ನಡಕದವರಿಗೆ ಕೆಲವು ದುರ್ಬೀನುಗಳಲ್ಲಿ ಚಕ್ರ ಕೊನೆ ಮುಟ್ಟಿದರೂ ಚೂಪು ಸಿಗದು, ಅವರು ಕನ್ನಡಕದ ಸಮೇತವೇ ನೋಡಬೇಕು. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಬರೆದಿದ್ದರೆ ಅದು ಬೇರೆ ಮಾತು. ಆ ದೋಷವನ್ನು ದುರ್ಬೀನು ಸರಿಪಡಿಸಲಾರದು, ಪ್ರತಿ ನಕ್ಷತ್ರಕ್ಕೂ ಮುಳ್ಳು ಅಥವಾ ಬಾಲ ಬರುತ್ತದೆ. ಕನ್ನಡಕ ಹಾಕಿಕೊಂಡೇ, ಐಪೀಸಿನ ರಬ್ಬರ್ ಬಟ್ಟಲನ್ನು ಕೆಳಗೆ ಮಡಚಿ ನೋಡಿ. ಹಾಗೆ ಮಾಡಿದಾಗ ಅಂಚು ಕತ್ತರಿಸಿದಂತೆ ಕಿರಿದಾದ ವೃತ್ತ ಕಂಡರೆ, ಐಪೀಸಿನಿಂದ ಕಣ್ಣು ಇರಬೇಕಾದ ಅಂತರ ಈ ದುರ್ಬೀನಿನಲ್ಲಿ ಕಡಿಮೆಯಿದೆ ಎಂದರ್ಥ. ಕನ್ನಡಕದವರಿಗೆ ಅದು ಕನಿಷ್ಠ 15 ಮಿ.ಮೀ. ಇರಬೇಕು.

ನಿಮ್ಮ ಗುರುವಿನ ಬಾಲ ಕಣ್ಣಿನದೋ ದುರ್ಬೀನಿನದೋ ಎಂದು ತಿಳಿಯುವುದು ಸುಲಭ. ಒಂದೇ ನಳಿಗೆಯಲ್ಲಿ ಗುರುವನ್ನು ನೋಡುತ್ತ, ತಲೆಯನ್ನು ಅಲುಗಿಸದೆ ದುರ್ಬೀನನ್ನು ಮಾತ್ರ ಕಾಲು ಸುತ್ತು ತಿರುಗಿಸಿ. ಬಾಲವೂ ಜೊತೆಗೆ ತಿರುಗಿದರೆ ದೋಷ ದುರ್ಬೀನಿನದು. ಇದ್ದಲ್ಲೇ ಇದ್ದರೆ ನಿಮ್ಮ ಕಣ್ಣಿನದು.

ಇನ್ನೊಂದು ದೋಷವಿದೆ, ಇದು ಗಂಭೀರ: ಎರಡು ನಳಿಗೆಗಳು ಒಂದೇ ದಿಕ್ಕಿಗೆ ನೋಡದಿರುವುದು. ಒಮ್ಮೆ ಕೆಳಗೆ ಬಿದ್ದರೂ ಒಳಗಿನ ಪ್ರಿಸಂ (ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಜಾಗ ಬಿಟ್ಟಿರಬಹುದು. ದುರ್ಬೀನನ್ನು ಗಟ್ಟಿಯಾಗಿ ನಿಲ್ಲಿಸಿ, ಪ್ರಖರ ನಕ್ಷತ್ರವೊಂದನ್ನು ನೋಡುತ್ತ ಬಲಗಡೆಯ ಉಂಗುರವನ್ನು ಬೇಕೆಂದೇ ತಿರುಗಿಸಿ ಆ ಕಡೆಯ ನಕ್ಷತ್ರವನ್ನು ಮಸುಕು ಬಿಲ್ಲೆಯಾಗಿಸಿ. ಎಡಗಣ್ಣಿನ ಚುಕ್ಕಿ ಆ ಬಿಲ್ಲೆಯ ನಡುವೆ ಬರಬೇಕು. ಅಕ್ಕಪಕ್ಕ ಸ್ವಲ್ಪ ಸರಿದಿದ್ದರೆ ಕಣ್ಣು ಹೊಂದಿಕೊಳ್ಳುತ್ತದೆ. ಮೇಲೆ ಅಥವಾ ಕೆಳಗೆ ಸರಿದಿದ್ದರೆ ಹೊಂದಿಕೊಳ್ಳದು, ಏಕೆಂದರೆ ಒಂದು ಕಣ್ಣನ್ನು ಮೇಲೆ, ಇನ್ನೊಂದನ್ನು ಕೆಳಗೆ ತಿರುಗಿಸುವ ಅಭ್ಯಾಸ ನಮ್ಮ ಸ್ನಾಯುಗಳಿಗಿಲ್ಲ. ಹತ್ತು ನಿಮಿಷದಲ್ಲಿ ತಲೆನೋವು ಶುರು. ಇದನ್ನು ಮನೆಯಲ್ಲಿ ಬಿಚ್ಚಿ ಸರಿಪಡಿಸಲು ಹೋಗಬೇಡಿ.

ಕೊನೆಗೆ ಒಂದು ಹಗಲಿನ ಪರೀಕ್ಷೆ. ದುರ್ಬೀನನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು, ಸೂರ್ಯನಿಲ್ಲದ ಕಡೆಯ ಬಿಳಿ ಆಕಾಶಕ್ಕೆ ತಿರುಗಿಸಿ. ಐಪೀಸಿನಲ್ಲಿ ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಅದರ ವ್ಯಾಸ 50ನ್ನು 10ರಿಂದ ಭಾಗಿಸಿದಷ್ಟು, ಅಂದರೆ 5 ಮಿ.ಮೀ. ಇರಬೇಕು. ಐಪೀಸಿಗೆ ತಾಗಿಸಿ ಸ್ಕೇಲಿನಲ್ಲಿ ಅಳೆಯಿರಿ. 4 ಮಿ.ಮೀ. ಮಾತ್ರ ಬಂದರೆ ಒಳಗೆ ಎಲ್ಲೋ ಬೆಳಕು ಅಡ್ಡಗಟ್ಟಿದೆ. ಮೈಮೇಲೆ 50 ಎಂದು ಬರೆದಿದ್ದರೂ ನಿಮಗೆ ಸಿಗುತ್ತಿರುವುದು 40 ಮಿ.ಮೀ. ದುರ್ಬೀನು. ಬಿಲ್ಲೆ ದುಂಡಗಿರದೆ ಅಂಚು ಕತ್ತರಿಸಿದ ಚೌಕದಂತಿದ್ದರೆ ಅಗ್ಗದ ಗಾಜಿನ ಪ್ರಿಸಂ. ಅಂಚಿನ ಬೆಳಕು ಕೊಂಚ ಕಡಿಮೆಯಾಗುತ್ತದೆ, ಅಷ್ಟೇ, ಅದಕ್ಕಾಗಿ ಎಸೆಯಬೇಕಾಗಿಲ್ಲ. ನೋಟದ ಅಂಚಿನಲ್ಲಿ ನಕ್ಷತ್ರಗಳು ಪುಟ್ಟ ಹಕ್ಕಿಗಳಂತೆ ರೆಕ್ಕೆ ಬಿಚ್ಚುವುದೂ ಸಾಮಾನ್ಯ. ನಡುವಿನ ಮೂರರಲ್ಲಿ ಎರಡು ಪಾಲು ಚೂಪಾಗಿದ್ದರೆ ಸಾಕು.

ಬೀದಿದೀಪವಿದ್ದರೂ ಕತ್ತಲೆ ಮಾಡಿಕೊಳ್ಳುವುದು

ದೀಪದಿಂದ ಆಗುವ ತೊಂದರೆ ಎರಡು ಬಗೆ. ಇಡೀ ಊರಿನ ಬೆಳಕು ಆಕಾಶವನ್ನೇ ಬೂದು ಮಾಡುವುದು ಒಂದು, ಅದಕ್ಕೆ ನೀವೇನೂ ಮಾಡಲಾಗದು. ಎದುರಿನ ದೀಪ ನೇರ ಕಣ್ಣಿಗೆ ಬೀಳುವುದು ಇನ್ನೊಂದು, ಅದನ್ನು ಪೂರ್ತಿ ತಡೆಯಬಹುದು. ಗೋಡೆ, ನೀರಿನ ತೊಟ್ಟಿ, ಮರ, ಯಾವುದರದ್ದಾದರೂ ನೆರಳಲ್ಲಿ ಕೂತುಕೊಳ್ಳಿ. ಅದೂ ಇಲ್ಲದಿದ್ದರೆ ದಪ್ಪ ಕಪ್ಪು ಬಟ್ಟೆಯನ್ನು ತಲೆಯ ಮೇಲಿಂದ ಐಪೀಸಿನವರೆಗೆ ಹೊದ್ದುಕೊಳ್ಳಿ. ನೋಡುವವರಿಗೆ ವಿಚಿತ್ರವಾಗಿ ಕಂಡೀತು, ಕೆಲಸ ಮಾತ್ರ ಅಚ್ಚುಕಟ್ಟು.

ಪಾಪೆ ಹಿಗ್ಗುವುದು ಬೇಗ ಆಗುತ್ತದೆ, ಆದರೆ ಕಣ್ಣು ಕತ್ತಲಿಗೆ ಒಗ್ಗುವುದೆಂದರೆ ಅಷ್ಟೇ ಅಲ್ಲ. ಅಕ್ಷಿಪಟಲದ ಕಂಬಿಕೋಶಗಳಲ್ಲಿ ರೊಡಾಪ್ಸಿನ್ ಎಂಬ ಬಣ್ಣದ್ರವ್ಯ ಮತ್ತೆ ತುಂಬಿಕೊಳ್ಳಬೇಕು, ಅದಕ್ಕೆ 20ರಿಂದ 30 ನಿಮಿಷ ಬೇಕು. ಒಮ್ಮೆ ಫೋನಿನ ಬಿಳಿ ಪರದೆ ನೋಡಿದರೆ ಆ ಕೂಡಿಟ್ಟದ್ದು ಕರಗಿಹೋಗುತ್ತದೆ. ಕೆಂಪು ಬೆಳಕು ಈ ಕೋಶಗಳನ್ನು ಅಷ್ಟಾಗಿ ಕೆಣಕುವುದಿಲ್ಲ, ಆದ್ದರಿಂದ ನಕ್ಷೆ ನೋಡಲು ಟಾರ್ಚಿಗೆ ಎರಡು ಮೂರು ಪದರ ಕೆಂಪು ಕಾಗದ ಸುತ್ತಿ. ಸ್ಟೆಲ್ಲೇರಿಯಂನಂಥ ನಕ್ಷತ್ರ ನಕ್ಷೆಯ ಆ್ಯಪ್ ಬಳಸುವುದಾದರೆ ಅದರ ರಾತ್ರಿ ನೋಟವನ್ನು ಹಾಕಿ, ಪರದೆಯ ಹೊಳಪನ್ನು ಕನಿಷ್ಠಕ್ಕೆ ಇಳಿಸಿ.

ಮಸುಕು ವಸ್ತುವನ್ನು ನೇರವಾಗಿ ದಿಟ್ಟಿಸಬೇಡಿ. ಕಣ್ಣಿನ ನಟ್ಟನಡುವಿನ ಬಿಂದುವಿನಲ್ಲಿ ಕಂಬಿಕೋಶಗಳೇ ಇಲ್ಲ, ಅಲ್ಲಿರುವುದು ಹಗಲಿನ ಬಣ್ಣ ನೋಡುವ ಶಂಕುಕೋಶಗಳು. ವಸ್ತುವಿನ ಸ್ವಲ್ಪ ಪಕ್ಕಕ್ಕೆ ನೋಟ ನೆಟ್ಟು, ಗಮನ ಮಾತ್ರ ವಸ್ತುವಿನ ಮೇಲಿರಲಿ. ಓರೆಗಣ್ಣಿಗೆ ಅದು ತಟ್ಟನೆ ಮೂಡುತ್ತದೆ. ಆಗಲೂ ಅನುಮಾನವಿದ್ದರೆ ದುರ್ಬೀನನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಇಷ್ಟು ಹೊತ್ತು ನಡುಕ ನಿಲ್ಲಿಸಿ ಎಂದವರೇ ಈಗ ಅಲುಗಿಸಿ ಎನ್ನುತ್ತಿದ್ದಾರಲ್ಲ ಅನ್ನಿಸಬಹುದು. ಕಣ್ಣಿನ ಅಂಚು ನಿಂತ ಮಸುಕಿಗಿಂತ ಅಲುಗುವ ಮಸುಕನ್ನು ಬೇಗ ಹಿಡಿಯುತ್ತದೆ, ಅದಕ್ಕೆ ಈ ಉಪಾಯ.

ನಿಮ್ಮ ಹಿತ್ತಲ ಆಕಾಶ ಎಷ್ಟು ಕತ್ತಲೆ ಎಂದು ಅಳೆಯಲು ಸಪ್ತರ್ಷಿ ಮಂಡಲ ಸಾಕು. ಏಳರಲ್ಲಿ ಅತಿ ಮಸುಕಾದ ಅತ್ರಿಯ ಕಾಂತಿಮಾನ 3.3, ವಸಿಷ್ಠನ ಪಕ್ಕದ ಅರುಂಧತಿಯದು 4. ಅರುಂಧತಿ ಬರಿಗಣ್ಣಿಗೆ ಕಂಡರೆ ಕೆಳಗೆ ಹೇಳುವ ಎಲ್ಲವನ್ನೂ ಪ್ರಯತ್ನಿಸಬಹುದು. ಅತ್ರಿಯೇ ಕಾಣದಿದ್ದರೆ ಚಂದ್ರ, ಗ್ರಹ, ನಕ್ಷತ್ರಗುಚ್ಛ ಮತ್ತು ಜೋಡಿ ನಕ್ಷತ್ರಗಳಿಗೇ ಅಂಟಿಕೊಳ್ಳಿ. ಗುಚ್ಛದ ಬೆಳಕು ಚುಕ್ಕಿಗಳಲ್ಲಿ ಒಟ್ಟಾಗಿರುವುದರಿಂದ ಬೂದು ಆಕಾಶವನ್ನೂ ಸೀಳಿ ಬರುತ್ತದೆ. ನೀಹಾರಿಕೆ, ಗೆಲಾಕ್ಸಿಗಳ ಬೆಳಕು ಹರಡಿಕೊಂಡಿರುವುದರಿಂದ ಮೊದಲು ಅಳಿಸಿಹೋಗುವುದು ಅವೇ.

ಹುಡುಕುವ ಬಗೆ

10×50 ದುರ್ಬೀನಿನ ಕಿಟಕಿ, ಅಂದರೆ ಒಮ್ಮೆಗೆ ಕಾಣುವ ಆಕಾಶ, ಸುಮಾರು ಆರೂವರೆ ಡಿಗ್ರಿ ಅಗಲ. ಚಾಚಿದ ಕೈಯ ಕಿರುಬೆರಳು 1 ಡಿಗ್ರಿ, ಮೂರು ಬೆರಳು 5, ಮುಷ್ಟಿ 10. ಚಂದ್ರ ಅರ್ಧ ಡಿಗ್ರಿ. ನಿಮ್ಮದರ ಕಿಟಕಿಯನ್ನು ಕರಾರುವಾಕ್ಕಾಗಿ ಅಳೆಯಬೇಕಿದ್ದರೆ ದುರ್ಬೀನನ್ನು ಟ್ರೈಪಾಡಿಗೆ ಬಿಗಿದು, ಮಹಾವ್ಯಾಧನ (ಒರಾಯನ್) ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ್ದು ಕಿಟಕಿಯ ಒಂದಂಚಿನಿಂದ ನಡುವೆ ಹಾದು ಇನ್ನೊಂದಂಚಿಗೆ ಹೋಗಲು ಎಷ್ಟು ನಿಮಿಷ ಬೇಕೆಂದು ನೋಡಿ ನಾಲ್ಕರಿಂದ ಭಾಗಿಸಿ. 26 ನಿಮಿಷವಾದರೆ ಆರೂವರೆ ಡಿಗ್ರಿ. ಆ ನಕ್ಷತ್ರ ಆಕಾಶದ ಸಮಭಾಜಕ ವೃತ್ತದ ಮೇಲೇ ಇರುವುದರಿಂದ ಈ ಲೆಕ್ಕ ಹೊಂದುತ್ತದೆ. ಅಳತೆ ಸಿಕ್ಕ ಮೇಲೆ ನಕ್ಷೆಯ ಮಾಪನಕ್ಕೆ ಸರಿಯಾಗಿ ಅಷ್ಟಗಲದ ರಂಧ್ರವನ್ನು ಕಾಗದದಲ್ಲಿ ಕತ್ತರಿಸಿಟ್ಟುಕೊಳ್ಳಿ. ನಕ್ಷೆಯ ಮೇಲೆ ಅದನ್ನು ಜಾರಿಸಿದರೆ ದುರ್ಬೀನಿನಲ್ಲಿ ಏನು ಕಾಣಬೇಕೋ ಅದೇ ಕಾಣುತ್ತದೆ.

ಗುರಿ ಹಿಡಿಯುವಾಗ ಆಗುವ ತಪ್ಪು ಒಂದೇ: ದುರ್ಬೀನಿನತ್ತ ಬಗ್ಗಿ ನೋಡಿ, ಆಮೇಲೆ ತಲೆ ಎತ್ತುವುದು. ಬರಿಗಣ್ಣಿಗೆ ಕಾಣುವ ನಕ್ಷತ್ರದ ಮೇಲೆ ನೋಟ ನೆಟ್ಟು, ಕಣ್ಣು ಕದಲಿಸದೆ ದುರ್ಬೀನನ್ನೇ ಕಣ್ಣಿಗೆ ತನ್ನಿ. ಅಲ್ಲಿಂದ ಮುಂದಕ್ಕೆ ಅರ್ಧರ್ಧ ಕಿಟಕಿಯಷ್ಟೇ ಸರಿಯಿರಿ, ಹಿಂದಿನ ನಕ್ಷತ್ರ ಅಂಚಿನಲ್ಲಿ ಉಳಿದಿರಲಿ.

ಏನನ್ನು ನೋಡಬೇಕು

ಚಂದ್ರನಿಂದ ಶುರುಮಾಡಿ, ಆದರೆ ಹುಣ್ಣಿಮೆಯಂದು ಅಲ್ಲ. ಹುಣ್ಣಿಮೆಗೆ ಬೆಳಕು ನೆತ್ತಿಯಿಂದ ಬೀಳುವುದರಿಂದ ನೆರಳಿಲ್ಲ, ನೆರಳಿಲ್ಲದೆ ಕುಳಿಗಳ ಆಳ ತಿಳಿಯದು. ಟೈಕೋ ಕುಳಿಯಿಂದ ಚಿಮ್ಮಿದ ಬಿಳಿ ಗೆರೆಗಳನ್ನು ನೋಡಲಷ್ಟೇ ಅಂದು ಸರಿ. ಶುಕ್ಲಪಕ್ಷದ ತದಿಗೆ, ಚೌತಿಯಂದು ಭೂಮಿಯ ಬೆಳಕಿನಲ್ಲಿ ಮಂದವಾಗಿ ಮೂಡುವ ಚಂದ್ರನ ಕತ್ತಲ ಭಾಗ ನೋಡಿ. ಅಷ್ಟಮಿಯಿಂದ ದಶಮಿಯವರೆಗೆ ಬೆಳಕು ಕತ್ತಲೆಯ ಗಡಿಯುದ್ದಕ್ಕೂ ಮೆಲ್ಲಗೆ ಇಳಿಯಿರಿ. 101 ಕಿ.ಮೀ. ಅಗಲದ, ಕಪ್ಪು ನೆಲದ ಪ್ಲೇಟೊ ಉತ್ತರದಲ್ಲಿ, 93 ಕಿ.ಮೀ. ಅಗಲದ ಕೊಪರ್ನಿಕಸ್ ದಶಮಿಯ ಹೊತ್ತಿಗೆ ಅಂಚು ಬೆಳಗಿಸಿಕೊಂಡು ನಿಲ್ಲುತ್ತದೆ. ದುರ್ಬೀನಿನ ನಿಲುಗಡೆ ಸರಿಯಾಯಿತೇ ಎಂದು ತಿಳಿಯಲು ಈ ಕುಳಿಗಳೇ ಒಳ್ಳೆಯ ಪರೀಕ್ಷೆ.

ನಂತರ ಗುರು. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ, ಆಕಾಶ ಪೂರ್ತಿ ಕಪ್ಪಾಗುವ ಮುನ್ನ ನೋಡಿದರೆ ಗ್ರಹದ ಝಳಪು ಕಡಿಮೆ. ದುರ್ಬೀನನ್ನು ಗಟ್ಟಿಯಾಗಿ ನಿಲ್ಲಿಸಿದರೆ ಗುರು ಚುಕ್ಕಿಯಾಗಿ ಉಳಿಯದೆ ಪುಟ್ಟ ಬಿಲ್ಲೆಯಾಗುತ್ತದೆ, ಅದರ ಎರಡೂ ಬದಿಗೆ ಒಂದೇ ಗೆರೆಯಲ್ಲಿ ಎರಡರಿಂದ ನಾಲ್ಕು ಚುಕ್ಕಿಗಳು. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡ ಅಯೊ, ಯುರೋಪ, ಗ್ಯಾನಿಮೀಡ್, ಕ್ಯಾಲಿಸ್ಟೊ ಇವೇ. ಕ್ಯಾಲಿಸ್ಟೊ ಸುತ್ತು ಹಾಕಲು ಸುಮಾರು 17 ದಿನ, ಅಯೊಗೆ ಎರಡು ದಿನವೂ ಬೇಡ. ಅಯೊ ಗ್ರಹಕ್ಕೆ ತೀರಾ ಹತ್ತಿರವಿರುವುದರಿಂದ ಹೆಚ್ಚಾಗಿ ಝಳಪಿನಲ್ಲಿ ಅಡಗಿರುತ್ತದೆ. ಹಾಗಿದ್ದಾಗ ಸೂರಿನ ಅಂಚಿನ ಹಿಂದೆ ಗುರುವನ್ನು ಮರೆಮಾಡಿ, ಪಕ್ಕದ ಚುಕ್ಕಿ ಉಳಿಯುವಂತೆ ನಿಂತುಕೊಳ್ಳಿ. ಕಂಡದ್ದನ್ನು ಕಾಗದದ ಮೇಲೆ ಗುರುತಿಸಿ, ಮರುದಿನ ಮತ್ತೆ ನೋಡಿ. ಚುಕ್ಕಿಗಳು ಜಾಗ ಬದಲಿಸಿದ್ದರೆ ಅವು ಹಿನ್ನೆಲೆಯ ನಕ್ಷತ್ರಗಳಲ್ಲ.

ಶನಿಯ ಬಳೆಯನ್ನು ನಿರೀಕ್ಷಿಸಬೇಡಿ. ಹತ್ತು ಪಟ್ಟಿನಲ್ಲಿ ಅದು ಕೊಂಚ ಉದ್ದವಾದ ಮೊಟ್ಟೆಯಂತೆ ಕಂಡರೆ ಅದೇ ಹೆಚ್ಚು. ಸುಮಾರು 20 ಪಟ್ಟಿನ ದೂರದರ್ಶಕವಿದ್ದ ಗೆಲಿಲಿಯೋಗೇ ಅದು ಬಳೆಯೆಂದು ತಿಳಿಯಲಿಲ್ಲ, ಮೂರು ಗೋಳಗಳು ಅಂಟಿಕೊಂಡಂತೆ ಕಂಡಿತ್ತು. ಮಂಗಳ ಕಿತ್ತಳೆ ಚುಕ್ಕಿ ಮಾತ್ರ. ಶುಕ್ರ ಭೂಮಿಗೆ ಹತ್ತಿರ ಬಂದ ಕೆಲವು ವಾರಗಳಲ್ಲಿ ಪುಟ್ಟ ಬಿದಿಗೆ ಚಂದ್ರನಂತೆ ಬಾಗಿರುವುದು ಗೋಧೂಳಿಯ ಬೆಳಕಿನಲ್ಲಿ ಕಾಣುತ್ತದೆ. ಅದನ್ನಾಗಲಿ ಬುಧನನ್ನಾಗಲಿ ಹುಡುಕುವಾಗ ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ದುರ್ಬೀನು ಎತ್ತಿ. ಬೆಳಗಿನ ಜಾವವಾದರೆ ಸೂರ್ಯ ಹುಟ್ಟುವ ಮೊದಲೇ ಇಳಿಸಿ. ಸೂರ್ಯ ಒಂದು ಕ್ಷಣ ಕಿಟಕಿಯೊಳಗೆ ಬಂದರೂ ಕಣ್ಣಿನ ಆ ಜಾಗ ಶಾಶ್ವತವಾಗಿ ಸುಟ್ಟುಹೋಗುತ್ತದೆ, ಸುಡುವಾಗ ನೋವೂ ಆಗುವುದಿಲ್ಲ.

ದುರ್ಬೀನಿನ ನಿಜವಾದ ಸಂಪತ್ತು ನಕ್ಷತ್ರಗುಚ್ಛಗಳು. ಇಲ್ಲಿ ಟೆಲಿಸ್ಕೋಪು ಸೋಲುತ್ತದೆ, ಏಕೆಂದರೆ ಅದರ ಕಿಟಕಿ ಹೆಚ್ಚಾಗಿ ಒಂದು ಡಿಗ್ರಿಯ ಆಸುಪಾಸು. ಕೃತ್ತಿಕೆ ಹರಡಿರುವುದು ಸುಮಾರು ಎರಡು ಡಿಗ್ರಿ. ಬರಿಗಣ್ಣಿಗೆ ಆರು ನಕ್ಷತ್ರ. ದುರ್ಬೀನಿನಲ್ಲಿ ಹತ್ತಾರು, ನೀಲಿಬಿಳುಪು, ಸುತ್ತ ಕಪ್ಪು ಅಂಚು ಸಮೇತ ಒಂದೇ ನೋಟಕ್ಕೆ. ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ಪಕ್ಕದಲ್ಲೇ ರೋಹಿಣಿ, ಅದರ ಸುತ್ತ ಇಂಗ್ಲಿಷಿನ ವಿ ಅಕ್ಷರದಂತೆ ಹಯಡೀಸ್ ಗುಚ್ಛ. ಗುಚ್ಛ ಸುಮಾರು 150 ಜ್ಯೋತಿರ್ವರ್ಷ ಆಚೆಗಿದೆ, ರೋಹಿಣಿ 65ರಲ್ಲೇ ಇದೆ. ಗುಚ್ಛದ ಸದಸ್ಯೆಯಲ್ಲ, ದಾರಿಯಲ್ಲಿ ಅಡ್ಡ ನಿಂತವಳು. ರೋಹಿಣಿಯ ಕಿತ್ತಳೆ ಬಣ್ಣ ಚೆನ್ನಾಗಿ ಕಾಣಬೇಕಿದ್ದರೆ ಫೋಕಸ್ಸನ್ನು ತುಸು ಕೆಡಿಸಿ. ಚುಕ್ಕಿ ಬಿಲ್ಲೆಯಾದಾಗ ಬಣ್ಣ ಎದ್ದು ಬರುತ್ತದೆ. ಮಹಾವ್ಯಾಧನ ಸೊಂಟಪಟ್ಟಿಯಿಂದ ಜೋತುಬಿದ್ದ ಕತ್ತಿಯ ನಡುವೆ ಎಂ 42 (ಎಂ ಎಂದರೆ ಮೆಸ್ಯೇ ಎಂಬ ಖಗೋಳಜ್ಞನ ಪಟ್ಟಿಯ ಸಂಖ್ಯೆ) ನೀಹಾರಿಕೆ ಮಂಜಿನ ಚೂರಿನಂತೆ ಇರುತ್ತದೆ. ಫೋಟೋಗಳ ಕೆಂಪು ಗುಲಾಬಿ ಬಣ್ಣ ಕಣ್ಣಿಗೆ ಬಾರದು, ಕಾಣುವುದು ಬೂದು ಮಾತ್ರ. ಇವೆಲ್ಲ ಡಿಸೆಂಬರಿನಿಂದ ಫೆಬ್ರವರಿಯ ಸಂಜೆಗಳ ನೋಟ.

ಮಾರ್ಚ್, ಏಪ್ರಿಲ್‌ಗೆ ಪುಷ್ಯ. ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಹೊಳೆಯುವ ನಕ್ಷತ್ರದಿಂದ ಮಖಾ ನಕ್ಷತ್ರಕ್ಕೆ ಗೆರೆ ಎಳೆದು, ಐದರಲ್ಲಿ ಎರಡು ಪಾಲು ದೂರದಲ್ಲಿ ದುರ್ಬೀನಿಟ್ಟರೆ ಎಂ 44 ಸಿಗುತ್ತದೆ. ಒಂದೂವರೆ ಡಿಗ್ರಿ ಅಗಲಕ್ಕೆ ಚೆಲ್ಲಿದ ಸಾಸಿವೆಯಂತಿರುತ್ತದೆ. ಪೇಟೆಯ ಆಕಾಶದಲ್ಲಿ ಬರಿಗಣ್ಣಿಗೆ ಅಲ್ಲಿ ಏನೂ ಇರುವುದಿಲ್ಲ, ದುರ್ಬೀನು ಎತ್ತಿದೊಡನೆ ಹತ್ತಾರು ನಕ್ಷತ್ರ. ಮೇ, ಜೂನ್‌ನಲ್ಲಿ ಚಿತ್ತಾ ನಕ್ಷತ್ರ ಅತಿ ಎತ್ತರಕ್ಕೆ ಬಂದ ಹೊತ್ತಿಗೆ ಅಲ್ಲಿಂದ ನೇರ ದಕ್ಷಿಣಕ್ಕೆ ಮೂರೂವರೆ ಮುಷ್ಟಿ ಇಳಿದರೆ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ. ಲಕ್ಷಾಂತರ ನಕ್ಷತ್ರಗಳ ದಟ್ಟಣೆ ಅಲ್ಲಿದೆ, ಸುಮಾರು 17,000 ಜ್ಯೋತಿರ್ವರ್ಷ ದೂರದಿಂದ ಅದು ಹತ್ತಿಯ ಉಂಡೆಯಂತೆ ಕಾಣುತ್ತದೆ. ದಕ್ಷಿಣ ದಿಗಂತ ತೆರೆದಿರಬೇಕು. 40 ಡಿಗ್ರಿ ಉತ್ತರ ಅಕ್ಷಾಂಶದಿಂದ ಆಚೆ ಇರುವವರಿಗೆ ಇದು ಎಟುಕದು.

ಜೂನ್‌ನಿಂದ ಆಗಸ್ಟ್‌ವರೆಗೆ ಮೋಡವಿಲ್ಲದ ರಾತ್ರಿ ಸಿಕ್ಕರೆ ವೃಶ್ಚಿಕದ ಬಾಲ ಬಿಡಬೇಡಿ. ಕೊಂಡಿಯಲ್ಲಿರುವ ಮೂಲಾ ನಕ್ಷತ್ರದಿಂದ ಈಶಾನ್ಯಕ್ಕೆ ಐದು ಡಿಗ್ರಿಯೊಳಗೆ ಎಂ 7, ಅದರಿಂದ ನಾಲ್ಕು ಡಿಗ್ರಿ ವಾಯವ್ಯಕ್ಕೆ ಎಂ 6. ಎರಡೂ ಒಂದೇ ಕಿಟಕಿಯಲ್ಲಿ ಹಿಡಿಸುತ್ತವೆ. ಅಲ್ಲಿಂದ ಧನುವಿನತ್ತ ಸುಮ್ಮನೆ ಸರಿಯುತ್ತ ಹೋಗಿ, ನಕ್ಷೆ ಬೇಡ. ಆಕಾಶಗಂಗೆಯ ನಡುಭಾಗ ಅದು, ಪ್ರತಿ ಕಿಟಕಿಯಲ್ಲೂ ಏನಾದರೊಂದು ಇರುತ್ತದೆ.

ಜೋಡಿ ನಕ್ಷತ್ರಗಳಲ್ಲಿ ವಸಿಷ್ಠ ಅರುಂಧತಿ ಸುಲಭದ್ದು. ಅಭಿಜಿತ್ ಪಕ್ಕದ ಎಪ್ಸಿಲಾನ್ ಲೈರೇ ಅದಕ್ಕಿಂತ ಬಿಗಿ, ಆದರೆ ನಿಲುಗಡೆ ಇದ್ದರೆ ಸಲೀಸಾಗಿ ಎರಡಾಗುತ್ತದೆ. ಶ್ರವಣದಿಂದ ಅಭಿಜಿತ್ ಕಡೆಗೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಸಾಗಿದರೆ ಹತ್ತು ನಕ್ಷತ್ರಗಳ ಬಟ್ಟೆ ಹ್ಯಾಂಗರ್ ನೇತಾಡುತ್ತಿರುತ್ತದೆ. ನಿಜವಾದ ಗುಚ್ಛವಲ್ಲ, ಬೇರೆ ಬೇರೆ ದೂರದ ನಕ್ಷತ್ರಗಳು ಅಕಸ್ಮಾತ್ತಾಗಿ ಆ ಆಕಾರಕ್ಕೆ ಬಂದಿವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆನ್ನಾದದ್ದು ಸಿಗದು.

ಅಕ್ಟೋಬರ್, ನವೆಂಬರ್‌ಗೆ ಆಂಡ್ರೊಮಿಡಾ ಗೆಲಾಕ್ಸಿ. ಪೂರ್ವಾಭಾದ್ರಾ, ಉತ್ತರಾಭಾದ್ರಾ ನಕ್ಷತ್ರಗಳು ಸೇರಿ ಆಗುವ ದೊಡ್ಡ ಚೌಕದ ಈಶಾನ್ಯ ಮೂಲೆಯಿಂದ ಶುರುಮಾಡಿ, ಅದೇ ಸಾಲಿನಲ್ಲಿ ಎರಡನೆಯ ನಕ್ಷತ್ರವಾದ ಮಿರಾಕ್‌ಗೆ ಹೋಗಿ. ಅಲ್ಲಿಂದ ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತಿರುವ ಕುಂತಿಯ (ಕ್ಯಾಸಿಯೋಪಿಯಾ) ದಿಕ್ಕಿಗೆ ತಿರುಗಿ ನಾಲ್ಕು ಡಿಗ್ರಿಗೆ ಒಂದು ನಕ್ಷತ್ರ, ಇನ್ನೂ ಮೂರು ಡಿಗ್ರಿಯೊಳಗೆ ಇನ್ನೊಂದು. ಅದರ ಪಕ್ಕದಲ್ಲೇ ಉದ್ದನೆಯ ಮಸುಕು. ಪೇಟೆಯಿಂದ ನಡುವಿನ ತಿರುಳು ಮಾತ್ರ ಕಾಣುತ್ತದೆ. ಈ ಬೆಳಕು ಹೊರಟು 25 ಲಕ್ಷ ವರ್ಷವಾಗಿದೆ.

ಗುಚ್ಛ, ಗೆಲಾಕ್ಸಿಗಳಿಗೆ ಚಂದ್ರನಿಲ್ಲದ ಹೊತ್ತು ಬೇಕು: ಬಹುಳ ಅಷ್ಟಮಿಯಿಂದ ಅಮಾವಾಸ್ಯೆ ದಾಟಿ ಎರಡು ಮೂರು ದಿನದವರೆಗಿನ ಸಂಜೆಗಳು. ಯಾವುದೇ ವಸ್ತುವಾದರೂ ದಿಗಂತದಿಂದ 30 ಡಿಗ್ರಿ ಮೇಲೆ ಬಂದಾಗ ನೋಡಿದರೆ ಒಳ್ಳೆಯದು, ಕೆಳಗೆ ದೂಳು ಮತ್ತು ಕಾದ ಸೂರುಗಳ ಬಿಸಿಗಾಳಿ ನೋಟ ಕೆಡಿಸುತ್ತವೆ.

ಇಬ್ಬನಿ ಬಿದ್ದು ಮಸೂರ ಮಬ್ಬಾದರೆ ಒರೆಸಬೇಡಿ, ದೂಳಿನ ಕಣ ಗೀರುಬಿಡುತ್ತದೆ. ಹೊರಗೇ ಮುಚ್ಚಳ ಹಾಕಿ ಚೀಲದಲ್ಲಿಟ್ಟು ಒಳಗೆ ತನ್ನಿ, ಅರ್ಧ ಗಂಟೆ ಬಿಟ್ಟು ತೆರೆದು ಆರಲು ಬಿಡಿ. ಒದ್ದೆ ಹವೆಯಲ್ಲಿ ದಿನಗಟ್ಟಲೆ ಚೀಲದಲ್ಲೇ ಬಿಟ್ಟರೆ ಮಸೂರಕ್ಕೆ ಬೂಸ್ಟು ಹಿಡಿಯುತ್ತದೆ, ಅದು ಜೇಡರ ಬಲೆಯಂತೆ ಹಬ್ಬಿ ಗಾಜಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಇನ್ನು ಟೆಲಿಸ್ಕೋಪಿನ ಮಾತು. ಶನಿಯ ಬಳೆ, ಗುರುವಿನ ಪಟ್ಟೆಗಳು, ಗೋಳಗುಚ್ಛದೊಳಗಿನ ಬಿಡಿ ನಕ್ಷತ್ರಗಳು, ಇವು ಬೇಕೇ ಬೇಕು ಅನ್ನಿಸಿದಾಗ ಕೊಳ್ಳಿ. ಆಗ 6 ಅಥವಾ 8 ಇಂಚಿನ ಕನ್ನಡಿಯ, ನೆಲದ ಮೇಲೆ ಗಟ್ಟಿಯಾಗಿ ಕೂರುವ ಡಾಬ್ಸೋನಿಯನ್ ನೋಡಿ. ಡಬ್ಬಿಯ ಮೇಲೆ ದೊಡ್ಡ ಅಂಕಿ ಬರೆದ, ತೆಳ್ಳನೆಯ ಕಾಲುಗಳ ಚಿಕ್ಕ ಟೆಲಿಸ್ಕೋಪ್ ತರಬೇಡಿ. ಅದರಲ್ಲಿ 60 ಪಟ್ಟು ಇಟ್ಟು ಫೋಕಸ್ ಮುಟ್ಟಿದೊಡನೆ ಈಗಿನ ಕುಣಿತವೇ ಆರರಷ್ಟಾಗಿ ಮರಳಿ ಬರುತ್ತದೆ.